ಮಡಕೆಯಲ್ಲಿಟ್ಟ ಹೊಲದ ಪತ್ರ: ಪ್ರವಾದಿ ಯೆರೆಮೀಯನ ಜೀವನ

ಭಾನುವಾರದ ಆರಾಧನೆಯ ಸಂದೇಶ, ಜೋಗುಪಾಳ್ಯ
ಮನೆಯಲ್ಲಿ ಓದಬೇಕಾದ ಭಾಗ: ಯೆರೆಮೀಯ 28, 29, 32, 37ರಿಂದ 43, ಎಜ್ರ 2

ಹಿಂದೆ ನಿಂತಿರೋರು ದಯವಿಟ್ಟು ಮುಂದೆ ಬನ್ನಿ, ಇಲ್ಲಿ ಜಾಗ ಇದೆ.

ಇವತ್ತು ಪ್ರವಾದಿಯಾದ ಯೆರೆಮೀಯನ ಜೀವನ ನೋಡೋಣ. ವಚನಗಳನ್ನು ಒಂದೊಂದಾಗಿ ಓದಿಸಲ್ಲ. ಅವನ ಬದುಕನ್ನು ಮೊದಲಿಂದ ಕೊನೆವರೆಗೆ ನನ್ನ ಮಾತಲ್ಲೇ ಹೇಳ್ತೀನಿ. ಅಧ್ಯಾಯದ ನಂಬರ್ ಬರ್ಕೊಳ್ಳಿ, ಮನೆಗೆ ಹೋಗಿ ಪ್ರಾರ್ಥನೆ ಮಾಡಿ ಓದಿ.

ಯಾಕೆ ಯೆರೆಮೀಯ? ಒಂದು ಪ್ರಶ್ನೆಗೋಸ್ಕರ. ಯುದ್ಧದಿಂದಲೋ ಗಲಭೆಯಿಂದಲೋ ಊರು ಬಿಟ್ಟು ಓಡಿ ಬಂದ ಜನ ಬೇರೆ ನಾಡಿನಲ್ಲಿ ಮನೆ ಮಾಡ್ತಾರೆ, ಮಕ್ಕಳು ಮೊಮ್ಮಕ್ಕಳನ್ನು ಕಾಣ್ತಾರೆ. ಇಷ್ಟಾದ ಮೇಲೂ ವಾಪಸ್ ಹೋಗ್ತೀವಿ ಅನ್ನೋ ನಿರೀಕ್ಷೆ ಅವರಲ್ಲಿ ಉಳಿದಿರುತ್ತಾ? ಉಳಿದಿದ್ದರೆ ಅದು ಸರಿನಾ, ಇಲ್ಲಾ ಹುಚ್ಚಾ?

ನಮ್ಮ ಏರಿಯಾದವರಿಗೆ ಇದು ದೂರದ ಪ್ರಶ್ನೆ ಅಲ್ಲ. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿಗೆ ಬಂತು. ಅದರ ಹಿಂದೆಯೇ ಸಿಪಾಯಿಗಳು, ಗಾರೆ ಕೆಲಸದವರು, ವ್ಯಾಪಾರಿಗಳು ಬಂದರು. ಹಲಸೂರು, ಶಿವಾಜಿನಗರ, ಈ ಕಂಟೋನ್ಮೆಂಟ್ ಭಾಗ ಬೆಳೆದದ್ದೇ ಹೊರಗಿಂದ ಬಂದವರಿಂದ. ಇಲ್ಲಿ ಕೂತಿರೋ ನಮ್ಮಲ್ಲಿ ಎಷ್ಟೋ ಜನರ ಮನೆಭಾಷೆ ಬೇರೆ ಬೇರೆ. ಆದರೆ ಕೆಲಸಕ್ಕೆ ಅಂತ ಬಂದವರು ಹಬ್ಬಕ್ಕೆ, ಮದುವೆಗೆ ಬಸ್ ಹತ್ತಿ ಊರಿಗೆ ಹೋಗಿ ಬರಬಹುದು. ಬಸ್ ಹತ್ತೋಕೆ ಆಗದೇ ಇರೋರ ಕಥೆಯೇ ಬೇರೆ. ಯೆರೆಮೀಯ ಅಂಥವರ ಪ್ರವಾದಿ.

ಅವನು ಹುಟ್ಟಿದ್ದು ಅನಾತೋತ್ ಅನ್ನೋ ಹಳ್ಳಿಯಲ್ಲಿ, ಬೆನ್ಯಾಮೀನ್ ಕುಲದ ಸೀಮೆಯಲ್ಲಿ. ಯೆರೂಸಲೇಮಿನಿಂದ ಸುಮಾರು ಐದು ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಇಲ್ಲಿಂದ ಶಿವಾಜಿನಗರ ದಾಟಿ ಸ್ವಲ್ಪ ಮುಂದಕ್ಕೆ ಹೋದಷ್ಟು ದೂರ. ತಂದೆ ಹಿಲ್ಕೀಯ, ಯಾಜಕರ ಮನೆತನ. ಯೋಷೀಯ ಅರಸನ 13ನೇ ವರ್ಷದಲ್ಲಿ, ಅಂದರೆ ಸುಮಾರು ಕ್ರಿ.ಪೂ. 627ರಲ್ಲಿ, ದೇವರು ಅವನನ್ನು ಕರೆದರು. ಅವನಿಗೆ ಆಗ ಚಿಕ್ಕ ವಯಸ್ಸು. ನಾನಿನ್ನೂ ಹುಡುಗ, ನನಗೆ ಮಾತಾಡೋಕೆ ಬರಲ್ಲ ಅಂತ ತಪ್ಪಿಸ್ಕೊಳ್ಳೋಕೆ ನೋಡಿದ. ದೇವರು ಬಿಡಲಿಲ್ಲ. ಯೂತ್ ಮೀಟಿಂಗ್‌ನಲ್ಲಿ ಮೈಕ್ ಕೊಟ್ಟರೆ ಪಕ್ಕದವರಿಗೆ ದಾಟಿಸೋ ತಮ್ಮಂದಿರೇ, ಇವನು ನಿಮ್ಮವನೇ!

ಅವನಿಗೆ ಸಿಕ್ಕ ಸೇವೆ ಸುಲಭದ್ದಾಗಿರಲಿಲ್ಲ. ಉತ್ತರದಿಂದ ಶತ್ರು ಬರ್ತಾನೆ, ಈ ಪಟ್ಟಣ ಬೀಳುತ್ತೆ, ತಿರುಗಿಕೊಳ್ಳಿ. ಇದೇ ಸಂದೇಶ, ಸುಮಾರು ನಲವತ್ತು ವರ್ಷ. ಮದುವೆ ಆಗಬೇಡ ಅಂತ ದೇವರ ಅಪ್ಪಣೆ. ಸ್ವಂತ ಊರಾದ ಅನಾತೋತಿನವರೇ ಅವನನ್ನು ಕೊಲ್ಲೋಕೆ ಒಳಸಂಚು ಮಾಡಿದರು. ಪಷ್ಹೂರ ಅನ್ನೋ ಯಾಜಕ ಅವನನ್ನು ಹೊಡೆಸಿ, ಕೋಳಕ್ಕೆ ಹಾಕಿ, ಒಂದು ರಾತ್ರಿಯೆಲ್ಲಾ ಎಲ್ಲರ ಕಣ್ಣಿಗೆ ಬೀಳೋ ಹಾಗೆ ಇಟ್ಟ. ಬಾರೂಕನ ಕೈಯಲ್ಲಿ ಬರೆಸಿದ ಸುರುಳಿಯನ್ನು ಯೆಹೋಯಾಕೀಮ ಅರಸ ಚಳಿಗಾಲದ ಅರಮನೆಯಲ್ಲಿ ಕೂತು, ತುಂಡು ತುಂಡಾಗಿ ಕೊಯ್ದು ಬೆಂಕಿಗೆ ಹಾಕಿದ. ಯೆರೆಮೀಯ ಕೂತು ಪೂರ್ತಿ ಮತ್ತೆ ಬರೆಸಿದ. ಹಲ್ಲೆಲೂಯಾ!

ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಬಂದೇ ಬಿಟ್ಟ. ಯುವ ಅರಸ ಯೆಕೊನ್ಯ, ಅವನ ತಾಯಿ, ಅಧಿಕಾರಿಗಳು, ಸೈನಿಕರು, ಬಡಗಿಗಳು, ಕಮ್ಮಾರರು ಎಲ್ಲರನ್ನೂ ಹಿಡ್ಕೊಂಡು ಹೋದ. ಎರಡನೇ ಅರಸುಗಳು 24ನೇ ಅಧ್ಯಾಯ 10,000 ಅಂತ ಲೆಕ್ಕ ಕೊಡುತ್ತೆ. ಯಾರನ್ನು ಕರ್ಕೊಂಡು ಹೋದ ನೋಡಿ. ಕೈಕೆಲಸ ಗೊತ್ತಿರೋರನ್ನ, ಸ್ಕಿಲ್ ಇರೋರನ್ನ. ಆ ದಾರಿ ಎಷ್ಟು ದೂರ? ಮುಂದೆ ಎಜ್ರ ಬಾಬೆಲಿನಿಂದ ಯೆರೂಸಲೇಮಿಗೆ ಬರೋಕೆ ನಾಲ್ಕು ತಿಂಗಳು ಹಿಡೀತು.

ಈಗ ಕಥೆಯ ಮುಖ್ಯ ಭಾಗ, 28ನೇ ಅಧ್ಯಾಯ. ಯೆರೂಸಲೇಮಿನಲ್ಲಿ ಹನನ್ಯ ಅನ್ನೋ ಇನ್ನೊಬ್ಬ ಪ್ರವಾದಿ ಇದ್ದ. ಎರಡೇ ವರ್ಷ, ಅಷ್ಟರಲ್ಲಿ ಸೆರೆಹೋದವರೆಲ್ಲಾ ವಾಪಸ್ ಬರ್ತಾರೆ, ದೇವಾಲಯದ ಪಾತ್ರೆಗಳೂ ವಾಪಸ್ ಬರ್ತವೆ ಅಂತ ಎಲ್ಲರ ಮುಂದೆ ಸಾರಿದ. ಯೆರೆಮೀಯ ಗುರುತಿಗಾಗಿ ಹೆಗಲ ಮೇಲೆ ಮರದ ನೊಗ ಹೊತ್ಕೊಂಡು ಓಡಾಡ್ತಿದ್ದ. ಹನನ್ಯ ಅದನ್ನು ಕಿತ್ತು ಮುರಿದು ಹಾಕಿದ. ಜನಕ್ಕೆ ಯಾರ ಮಾತು ಇಷ್ಟ ಆಗಿರುತ್ತೆ? ಹನನ್ಯನದೇ! ಅದನ್ನು ಕೇಳಿ ಯೆರೆಮೀಯ ಜಗಳ ಆಡಲಿಲ್ಲ. ಹಾಗೇ ಆಗಲಿ ಅನ್ನೋ ಅರ್ಥದಲ್ಲಿ ಆಮೆನ್ ಅಂದ. ಅವನಿಗೂ ಅದೇ ಆಸೆ ಇತ್ತು ಪ್ರಿಯರೇ. ತನ್ನ ಜನ ನಾಳೆಯೇ ಮನೆಗೆ ಬರಲಿ ಅಂತ ಅವನಿಗೂ ಇತ್ತು. ಆದರೆ ದೇವರು ಅವನಿಗೆ ಆ ಮಾತು ಕೊಟ್ಟಿರಲಿಲ್ಲ. ಅದೇ ವರ್ಷ ಏಳನೇ ತಿಂಗಳಲ್ಲಿ ಹನನ್ಯ ಸತ್ತ.

ಆಮೇಲೆ ಯೆರೆಮೀಯ ಒಂದು ಕಾಗದ ಬರೆದ. ಅದು 29ನೇ ಅಧ್ಯಾಯದಲ್ಲಿದೆ. ಅರಸ ಚಿದ್ಕೀಯ ಬಾಬೆಲಿಗೆ ಕಳಿಸ್ತಿದ್ದ ದೂತರ ಕೈಯಲ್ಲೇ ಅದನ್ನು ಕಳಿಸಿದ. ನಾವು ಈ ಅಧ್ಯಾಯದ ಒಂದೇ ಒಂದು ವಚನವನ್ನು ಮಗ್ ಮೇಲೆ, ಸ್ಟೇಟಸ್‌ನಲ್ಲಿ ಹಾಕ್ಕೊಳ್ತೀವಿ. 11ನೇ ವಚನ, ಎಲ್ಲರಿಗೂ ಬಾಯಿಪಾಠ. ಅದರ ಹಿಂದೆ ಏನಿದೆ ಅಂತ ನೋಡಲ್ಲ. ಮನೆ ಕಟ್ಟಿಕೊಂಡು ವಾಸ ಮಾಡಿ, ತೋಟ ಹಾಕಿ ಅದರ ಹಣ್ಣು ತಿನ್ನಿ, ಮದುವೆ ಮಾಡ್ಕೊಳ್ಳಿ, ಮಕ್ಕಳಿಗೂ ಮದುವೆ ಮಾಡಿಸಿ, ನಿಮ್ಮನ್ನು ಸೆರೆಹಿಡಿದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಅಂತ ಅವನು ಬರೆದ. ಬರ್ತೀರಿ, ಆದರೆ ಎಪ್ಪತ್ತು ವರ್ಷ ಆದ ಮೇಲೆ.

ಯೋಚನೆ ಮಾಡಿ. ಆಗ ಮೂವತ್ತು ವರ್ಷ ಆಗಿದ್ದ ಒಬ್ಬ ಕಮ್ಮಾರನಿಗೆ ಈ ಕಾಗದ ಏನು ಹೇಳ್ತು? ನೀನು ವಾಪಸ್ ಹೋಗಲ್ಲಪ್ಪ. ನಿನ್ನ ಮೊಮ್ಮಗ ಹೋಗ್ತಾನೆ. ಎಂಥಾ ಭಾರದ ಮಾತು! ಶೆಮಾಯ ಅನ್ನೋನು ಸಿಟ್ಟು ಬಂದು, ಈ ಯೆರೆಮೀಯನಿಗೆ ಯಾಕೆ ಬೇಡಿ ಹಾಕಿಲ್ಲ ಅಂತ ಬಾಬೆಲಿನಿಂದ ಯೆರೂಸಲೇಮಿಗೆ ಕಂಪ್ಲೇಂಟ್ ಬರೆದ. ಸುಳ್ಳು ನಿರೀಕ್ಷೆ ಕೊಟ್ಟವನನ್ನು ಎಲ್ಲರೂ ಮೆಚ್ಚಿದರು, ನಿಜ ಹೇಳಿದವನಿಗೆ ಬೇಡಿ ಹಾಕಿ ಅಂದರು.

ಈ ಕಾಗದದ ಅರ್ಥ ನನಗೆ ಹತ್ತಿರವಾಗೋದು ನಮ್ಮ ರಾಜ್ಯದ ಒಂದು ಜಾಗ ನೆನೆಸ್ಕೊಂಡಾಗ. ನೀವು ಕೂರ್ಗ್ ಟ್ರಿಪ್ ಹೋಗುವಾಗ ಕುಶಾಲನಗರದ ಹತ್ತಿರ ಬೈಕ್ ನಿಲ್ಲಿಸಿ, ಗೋಲ್ಡನ್ ಟೆಂಪಲ್ ಅಂತ ಸೆಲ್ಫಿ ತೊಗೊಂಡು, ಮೊಮೊ ತಿಂದು ಬರ್ತೀರಲ್ಲ, ಅದೇ ಬೈಲಕುಪ್ಪೆ. ಅವರ ನಂಬಿಕೆ ಬೇರೆ, ನಮ್ಮ ನಂಬಿಕೆ ಬೇರೆ. ಆದರೆ ಸೆರೆ ಅಂದರೆ ಏನು ಅಂತ ಅವರಿಗೆ ಗೊತ್ತು.

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮದ ದಾರಿಯಲ್ಲಿ ನಡೆದು ಬಂದರು. ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3000 ಎಕರೆ ಜಾಗ ಕೊಟ್ಟಿತು. 1960ರಿಂದ ಅಲ್ಲಿ ವಸತಿ ಶುರುವಾಯ್ತು. ಇದ್ದದ್ದು ಕಾಡು. ಮೊದಲು ಟೆಂಟ್‌ನಲ್ಲಿ ಇದ್ದರು, ಮರ ಕಡಿದು ನೆಲ ಹಸನು ಮಾಡಿದರು, ಆನೆಗಳ ಕಾಟ ತಡ್ಕೊಂಡರು. ಚಳಿನಾಡಿನವರಿಗೆ ಈ ಬಿಸಿಲು, ಈ ಕಾಯಿಲೆಗಳು ಹೊಸದು. ಎಷ್ಟೋ ಜನ ತೀರಿಕೊಂಡರು. ಒಂದೆರಡು ವರ್ಷ ಅಷ್ಟೇ, ಆಮೇಲೆ ಮನೆಗೆ ಹೋಗ್ತೀವಿ ಅಂತ ಅವರಲ್ಲಿ ಬಹಳ ಜನ ನಂಬಿದ್ದರು. ಹನನ್ಯನ ಲೆಕ್ಕ ನೋಡಿ, ಎರಡು ವರ್ಷ!

ಆದರೆ ಅವರು ಜೋಳ ಬಿತ್ತಿದರು. ಮನೆ ಕಟ್ಟಿದರು, ಸ್ಕೂಲ್ ಕಟ್ಟಿದರು. ಟಿಬೆಟ್‌ನಲ್ಲಿ ಕಳ್ಕೊಂಡ ಸೆರಾ ಮಠವನ್ನು ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂದೆನ್ ಮಠಗಳನ್ನು ಮುಂಡಗೋಡಿನಲ್ಲಿ ಮತ್ತೆ ಕಟ್ಟಿದರು. ಹುಣಸೂರು ಕಡೆ, ಕೊಳ್ಳೇಗಾಲದ ಕಡೆಯೂ ವಸತಿಗಳಾದವು. ಚಳಿಗಾಲ ಬಂದರೆ ಊರೂರಿನ ರಸ್ತೆ ಬದಿಯಲ್ಲಿ ಸ್ವೆಟರ್ ಮಾರ್ತಾ ಕೂತಿರೋ ಆ ಅಮ್ಮಂದಿರನ್ನು ನೀವು ನೋಡಿದ್ದೀರಿ. ಯೆರೆಮೀಯನ ಕಾಗದ ಓದದೇ ಅದರ ಪ್ರಕಾರ ಬದುಕಿದ ಜನ ಅವರು.

ಹಾಗಾದರೆ ಮನೆ ಕಟ್ಟಿದವರು ಊರನ್ನು ಮರೆತ ಹಾಗಾ? ಇಲ್ಲಿಗೇ ನಿಲ್ಲಿಸಿದರೆ ಯೆರೆಮೀಯ ಅರ್ಧ ಮಾತ್ರ ಸಿಗ್ತಾನೆ. 32ನೇ ಅಧ್ಯಾಯಕ್ಕೆ ಬನ್ನಿ.

ಚಿದ್ಕೀಯ ಅರಸನ ಹತ್ತನೇ ವರ್ಷ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಸುತ್ತುವರಿದಿದೆ. ಒಳಗೆ ಹಸಿವು. ಯೆರೆಮೀಯ ಕಾವಲುಗಾರರ ಅಂಗಳದಲ್ಲಿ ಬಂಧಿ. ಅದಕ್ಕೆ ಮುಂಚೆ ಮುತ್ತಿಗೆ ಸ್ವಲ್ಪ ಸಡಿಲ ಆದಾಗ, ತನ್ನ ಸ್ವಾಸ್ತ್ಯದ ಪಾಲಿಗಾಗಿ ಬೆನ್ಯಾಮೀನ್ ಸೀಮೆಗೆ ಹೊರಟಿದ್ದ. ಶತ್ರುವಿನ ಕಡೆ ಓಡ್ತಿದ್ದೀಯ ಅಂತ ಬಾಗಿಲಲ್ಲೇ ಹಿಡಿದು, ಹೊಡೆದು, ಒಳಗೆ ಹಾಕಿದ್ದರು. ಇಂಥಾ ಹೊತ್ತಲ್ಲಿ ಚಿಕ್ಕಪ್ಪನ ಮಗ ಹನಮೇಲ ಬರ್ತಾನೆ. ಅನಾತೋತಿನಲ್ಲಿರೋ ನನ್ನ ಹೊಲ ನೀನೇ ಕೊಂಡ್ಕೋ, ಬಿಡಿಸ್ಕೊಳ್ಳೋ ಹಕ್ಕು ನಿನ್ನದು ಅಂತಾನೆ.

ಬೆಂಗಳೂರಿನವರಿಗೆ ಇದು ಚೆನ್ನಾಗಿ ಅರ್ಥ ಆಗಬೇಕು. ಬಿ ಖಾತಾ ಸೈಟ್ ತೊಗೊಳ್ಳೋಕೇ ನಾವು ಹತ್ತು ಸಲ ಯೋಚನೆ ಮಾಡ್ತೀವಿ, ಲಾಯರ್‌ಗೆ ತೋರಿಸ್ತೀವಿ. ಶತ್ರುವಿನ ಸೈನ್ಯ ಆಗಲೇ ಆವರಿಸ್ಕೊಂಡಿರೋ ಹಳ್ಳಿಯ ಹೊಲವನ್ನು, ಈ ಊರು ಬೀಳುತ್ತೆ ಅಂತ ನಲವತ್ತು ವರ್ಷದಿಂದ ತಾನೇ ಹೇಳ್ತಾ ಬಂದವನು, ಜೈಲಿನಲ್ಲಿ ಕೂತು ಕೊಂಡ್ಕೊಳ್ತಾನೆ. 17 ಶೆಕೆಲ್ ಬೆಳ್ಳಿ ತೂಗಿ ಕೊಡ್ತಾನೆ. ಸಾಕ್ಷಿಗಳ ಸಹಿ ಆಗುತ್ತೆ. ಎರಡು ಪ್ರತಿ, ಒಂದು ಮುದ್ರೆ ಹಾಕಿದ್ದು, ಒಂದು ತೆರೆದದ್ದು. ಎರಡನ್ನೂ ಮಣ್ಣಿನ ಮಡಕೆಯಲ್ಲಿ ಇಡು, ಬಹಳ ಕಾಲ ಉಳೀಬೇಕು ಅಂತ ಬಾರೂಕನಿಗೆ ಹೇಳ್ತಾನೆ. ಒಂದು ದಿನ ಈ ನಾಡಿನಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷೆತೋಟಗಳ ಕ್ರಯ ನಡೆಯುತ್ತೆ ಅನ್ನೋದಕ್ಕೆ ಅದು ಗುರುತು.

ನೋಡಿದ್ರಾ? ಬಾಬೆಲಿನವರಿಗೆ ತೋಟ ಹಾಕಿ ಅಂತ ಬರೆದ ಕೈಯೇ ಅನಾತೋತಿನ ಹೊಲದ ಪತ್ರಕ್ಕೆ ಸಹಿ ಹಾಕಿತು. ಅಲ್ಲಿ ತೋಟ, ಇಲ್ಲಿ ಪತ್ರ. ಎರಡರಲ್ಲಿ ಒಂದನ್ನು ಆರಿಸ್ಕೊಳ್ಳಿ ಅಂತ ದೇವರು ಹೇಳಲಿಲ್ಲ. ಪಕ್ಕದವರಿಗೆ ಹೇಳಿ, ತೋಟವೂ ಬೇಕು, ಪತ್ರವೂ ಬೇಕು. ಆಮೆನ್?

ಬೈಲಕುಪ್ಪೆಯ ಜನರ ಮಡಕೆಯಲ್ಲಿ ಏನಿದೆ ಗೊತ್ತಾ? ಅವರ ಮಕ್ಕಳು ಸ್ಕೂಲಲ್ಲಿ ಟಿಬೆಟನ್ ಭಾಷೆ ಕಲೀತಾರೆ. ದೇಶಭ್ರಷ್ಟರ ಸಂಸತ್ತಿಗೆ, ಅದರ ನಾಯಕನಿಗೆ ಐದು ವರ್ಷಕ್ಕೊಮ್ಮೆ ಓಟು ಹಾಕ್ತಾರೆ. ಗ್ರೀನ್ ಬುಕ್ ಅನ್ನೋ ಪುಸ್ತಕ ಇಟ್ಕೊಂಡು ಪ್ರತಿ ವರ್ಷ ತಮ್ಮ ಪಾಲಿನ ಹಣ ಕಟ್ಟಿ ಬರೆಸ್ತಾರೆ. ನಮ್ಮ ಸರ್ಕಾರ ಕೊಡೋ ರಿಜಿಸ್ಟ್ರೇಷನ್ ಸರ್ಟಿಫಿಕೇಟನ್ನು ಕಾಲಕಾಲಕ್ಕೆ ರಿನ್ಯೂ ಮಾಡಿಸ್ಕೊಂಡು, ಇಲ್ಲೇ ಹುಟ್ಟಿದವರೂ ವಿದೇಶಿಯರ ಲೆಕ್ಕದಲ್ಲೇ ಬದುಕ್ತಾರೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರು ಹುಟ್ಟಿನಿಂದಲೇ ಭಾರತೀಯರು ಅಂತ ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ ತೀರ್ಪು ಕೊಟ್ಟಿತು. ಕೆಲವರು ಪಾಸ್‌ಪೋರ್ಟ್ ಮಾಡಿಸಿದರು. ಕೆಲವರು ಬೇಡ ಅಂದರು. ಅದನ್ನು ತೊಗೊಂಡರೆ ವಾಪಸ್ ಹೋಗೋ ಹಕ್ಕನ್ನು ನಾವೇ ಬಿಟ್ಟುಕೊಟ್ಟ ಹಾಗಾಗುತ್ತೆ ಅನ್ನೋ ಭಯ ಅವರಿಗೆ. ಇಬ್ಬರನ್ನೂ ನಾನು ತಪ್ಪು ಅನ್ನಲ್ಲ. ಒಬ್ಬರು ತೋಟ ನೋಡ್ತಿದ್ದಾರೆ, ಒಬ್ಬರು ಪತ್ರ ಕಾಯ್ತಿದ್ದಾರೆ.

ನಿರೀಕ್ಷೆ ಬದಲಾಗೋದೂ ನಿಜ. ನಡೆದು ಬಂದ ಅಜ್ಜಿಗೆ ವಾಪಸ್ ಅಂದರೆ ತನ್ನ ಮನೆ, ತನ್ನ ಒಲೆ, ತನ್ನ ಯಾಕ್ ಹಿಂಡು. ಇಲ್ಲೇ ಹುಟ್ಟಿದ ಮೊಮ್ಮಗಳು ಆ ಊರನ್ನು ನೋಡೇ ಇಲ್ಲ. ಅವಳ ವಯಸ್ಸಿನವರು ಎಷ್ಟೋ ಜನ ಬೆಂಗಳೂರಿಗೆ, ಆಮೇಲೆ ಅಮೆರಿಕಾ, ಕೆನಡಾ, ಯುರೋಪಿಗೆ ಹೋಗ್ತಿದ್ದಾರೆ. ವಸತಿಯ ಶಾಲೆಗಳಲ್ಲಿ ಮಕ್ಕಳು ಕಡಿಮೆ ಆಗ್ತಿದ್ದಾರೆ. ಸೆರೆಯ ಮೇಲೆ ಇನ್ನೊಂದು ವಲಸೆ. ದಲೈ ಲಾಮಾ ಅವರಿಗೆ 2025ರ ಜುಲೈಗೆ 90 ತುಂಬಿತು. ಅವರ ಜೊತೆ ಬಂದ ಪೀಳಿಗೆ ಮುಗೀತಾ ಬಂದಿದೆ. ಹಾಗಾದರೆ ನಿರೀಕ್ಷೆ ಸತ್ತಿತಾ? ಅದಕ್ಕೆ ಉತ್ತರ ಯೆರೆಮೀಯನ ಕೊನೆಯ ದಿನಗಳಲ್ಲಿದೆ.

ಪಟ್ಟಣ ಬೀಳೋಕೆ ಮುಂಚೆ ಅಧಿಕಾರಿಗಳು ಅವನನ್ನು ಕೆಸರು ತುಂಬಿದ ಬಾವಿಗೆ ಇಳಿಸಿದರು. ಎತ್ತಿದವನು ಯಾರು? ಎಬೆದ್ಮೆಲೆಕ, ಕೂಷ್ ದೇಶದವನು, ಪರದೇಶಿ. ಹಗ್ಗ ಚರ್ಮ ಕೊಯ್ಯಬಾರದು ಅಂತ ಹಳೇ ಬಟ್ಟೆ ಚಿಂದಿಗಳನ್ನು ಕಂಕುಳಿಗೆ ಇಟ್ಕೊಳ್ಳೋಕೆ ಕೊಟ್ಟು ಮೆಲ್ಲಗೆ ಎಳೆದ. ಸ್ವಂತ ಊರಿನವರು ಬಾವಿಗೆ ಹಾಕಿದರು, ಹೊರಗಿನವನು ಎತ್ತಿದ. ಪರದೇಶಿಯನ್ನು ಕೀಳಾಗಿ ನೋಡೋ ಮುಂಚೆ ಈ 38ನೇ ಅಧ್ಯಾಯ ಓದಿ.

ಕ್ರಿ.ಪೂ. 586ರಲ್ಲಿ ಯೆರೂಸಲೇಮ್ ಬಿತ್ತು. ದೇವಾಲಯ ಸುಟ್ಟುಹೋಯ್ತು. ಬಾಬೆಲಿನ ಸೇನಾಧಿಕಾರಿ ಯೆರೆಮೀಯನ ಬೇಡಿ ಬಿಚ್ಚಿಸಿ ಎರಡು ದಾರಿ ಕೊಟ್ಟ. ಬಾಬೆಲಿಗೆ ಬಂದರೆ ಚೆನ್ನಾಗಿ ನೋಡ್ಕೊಳ್ತೀವಿ, ಇಲ್ಲಾಂದ್ರೆ ನಿನಗಿಷ್ಟ ಬಂದ ಕಡೆ ಇರು. ಯೆರೆಮೀಯ ಹಾಳಾದ ನಾಡಿನಲ್ಲೇ ಉಳಿದ, ಉಳಿದ ಬಡವರ ಜೊತೆ. ಅಲ್ಲೂ ಶಾಂತಿ ಇರಲಿಲ್ಲ. ಅಧಿಪತಿ ಗೆದಲ್ಯನ ಕೊಲೆ ಆಯ್ತು. ಹೆದರಿದ ಜನ ಐಗುಪ್ತಕ್ಕೆ ಹೊರಟರು. ಹೋಗಬೇಡಿ ಅಂತ ಅವನು ದೇವರ ಮಾತು ತಿಳಿಸಿದರೂ ಕೇಳದೆ, ಮುದುಕನಾದ ಅವನನ್ನೂ ಬಾರೂಕನನ್ನೂ ಕರ್ಕೊಂಡೇ ಹೋದರು. ಐಗುಪ್ತದಲ್ಲಿ ಅವನ ಧ್ವನಿ ಕೊನೆಗೆ ಕೇಳುತ್ತೆ. ಅವನ ಸಾವನ್ನು ಬೈಬಲ್ ಬರೆದಿಲ್ಲ. ವಾಪಸ್ ಬಂದ ಅಂತಲೂ ಎಲ್ಲೂ ಇಲ್ಲ.

ಕೊಂಡ ಹೊಲದಲ್ಲಿ ಅವನು ಒಂದು ಬೆಳೆಯನ್ನೂ ಬೆಳೆಯಲಿಲ್ಲ. ಮಕ್ಕಳಿಲ್ಲ, ಅದನ್ನು ಬಿಟ್ಟುಹೋಗೋಕೆ ವಾರಸುದಾರನೂ ಇಲ್ಲ. ಮನುಷ್ಯರ ಲೆಕ್ಕದಲ್ಲಿ 17 ಶೆಕೆಲ್ ನೀರಿಗೆ ಹಾಕಿದ ಹಾಗೆ.

ಆದರೆ ಎಜ್ರ 2ನೇ ಅಧ್ಯಾಯ ತೆಗೆದು ನೋಡಿ. ಬೈಬಲ್ ರೀಡಿಂಗ್ ಪ್ಲಾನ್‌ನಲ್ಲಿ ನಾವು ಸ್ಕಿಪ್ ಮಾಡೋ ಹೆಸರುಗಳ ಪಟ್ಟಿ ಅದು. ಕ್ರಿ.ಪೂ. 538ರಲ್ಲಿ ಪಾರಸಿಯ ಅರಸ ಕೋರೆಷ ಅಪ್ಪಣೆ ಕೊಟ್ಟ ಮೇಲೆ ವಾಪಸ್ ಬಂದವರು ಒಟ್ಟು 42,360. ಆ ಪಟ್ಟಿಯಲ್ಲಿ ಊರೂರಿನ ಲೆಕ್ಕ ಇದೆ. 23ನೇ ವಚನ ನೋಡಿ. ಅನಾತೋತಿನವರು 128 ಜನ!

ಹಲ್ಲೆಲೂಯಾ! ಅನಾತೋತ್, ಅದೇ ಊರು. ಅವನನ್ನು ಕೊಲ್ಲೋಕೆ ನೋಡಿದ ಊರು, ಅವನು ಹೊಲ ಕೊಂಡ ಊರು. ಆ 128 ಜನರಲ್ಲಿ ಹೆಚ್ಚಿನವರು ಬಾಬೆಲಿನ ತೋಟಗಳಲ್ಲಿ ಹುಟ್ಟಿ ಬೆಳೆದವರೇ ಇರಬೇಕು, ಅನಾತೋತನ್ನು ಕಣ್ಣಾರೆ ಕಂಡವರಲ್ಲ. ಆದರೂ ತಮ್ಮ ಊರು ಯಾವುದು ಅಂತ ಅವರಿಗೆ ಗೊತ್ತಿತ್ತು. ಯಾರೋ ಅಪ್ಪ ಅಮ್ಮ ಅಷ್ಟು ವರ್ಷ ಆ ಹೆಸರನ್ನು ಹೇಳ್ಕೊಡ್ತಾ ಬಂದಿದ್ದರು. ಎಲ್ಲರೂ ಬರಲಿಲ್ಲ, ಅದೂ ಸತ್ಯ. ಬಹಳ ಯೆಹೂದ್ಯರು ಬಾಬೆಲಿನಲ್ಲೇ ಉಳಿದರು, ನೂರಾರು ವರ್ಷ ಅಲ್ಲೇ ಬಾಳಿದರು. ದಾನಿಯೇಲ ಯೆರೆಮೀಯನ ಬರಹ ಓದಿ ಎಪ್ಪತ್ತು ವರ್ಷ ಎಣಿಸಿ, ಉಪವಾಸ ಮಾಡಿ ಪ್ರಾರ್ಥಿಸಿದ. ಆದರೆ ಅವನೂ ಹಿಂದಿರುಗಿದ ದಾಖಲೆ ಇಲ್ಲ. ಉಳಿದವರನ್ನು ದೇವರು ಬೈಯಲಿಲ್ಲ. ಎಸ್ತೇರಳನ್ನು ಉಪಯೋಗಿಸಿದ್ದು ಆ ಪರದೇಶದಲ್ಲೇ.

ಈಗ ನಮ್ಮ ಸಭೆಗೆ ಬರ್ತೀನಿ. 2023ರ ಮೇ 3ರಿಂದ ಮಣಿಪುರದಲ್ಲಿ ನಡೆದದ್ದು ನಿಮಗೆ ಗೊತ್ತು. ಸುಮಾರು 60 ಸಾವಿರ ಜನ ಮನೆ ಬಿಟ್ಟರು. ಚರ್ಚುಗಳು ಸುಟ್ಟವು, ಮನೆಗಳು ಸುಟ್ಟವು. ಒಂದು ಕಡೆಯವರು ಬೆಟ್ಟ ಹತ್ತೋ ಹಾಗಿಲ್ಲ, ಇನ್ನೊಂದು ಕಡೆಯವರು ಕಣಿವೆಗೆ ಇಳಿಯೋ ಹಾಗಿಲ್ಲ ಅನ್ನೋ ಸ್ಥಿತಿ ಬಂತು. ಇಂದಿರಾನಗರದ ಸಲೂನ್‌ಗಳಲ್ಲಿ, ರೆಸ್ಟೋರೆಂಟ್‌ಗಳಲ್ಲಿ ಕೆಲಸ ಮಾಡೋ ಕುಕಿ ತಮ್ಮ ತಂಗಿಯರಿದ್ದಾರೆ, ಮೈತೇಯಿ ತಮ್ಮ ತಂಗಿಯರೂ ಇದ್ದಾರೆ. ಬೆಂಗಳೂರಿನಲ್ಲಿ ಒಂದೇ ಬೀದಿಯಲ್ಲಿ ಬಾಡಿಗೆಗೆ ಇರಬಹುದಾದವರು ತಮ್ಮ ರಾಜ್ಯದಲ್ಲಿ ಒಬ್ಬರ ಊರಿಗೆ ಒಬ್ಬರು ಹೋಗೋ ಹಾಗಿಲ್ಲ. ನಮ್ಮ ಊರೂ ಅವರನ್ನು ಹೆದರಿಸಿದ್ದುಂಟು. 2012ರ ಆಗಸ್ಟ್‌ನಲ್ಲಿ ಬರೀ ವದಂತಿಯ ಮೆಸೇಜ್‌ಗಳಿಗೆ ಹೆದರಿ ಸಾವಿರಾರು ಈಶಾನ್ಯದ ಜನ ಸಿಟಿ ಸ್ಟೇಷನ್‌ನಲ್ಲಿ ಗುವಾಹಟಿ ರೈಲು ಹತ್ತಿದರು.

ಇಂಥವರ ಪಕ್ಕದಲ್ಲಿ ಕೂತಾಗ ನಾವು ಏನು ಮಾತಾಡಬೇಕು? ಮೂರು ಮಾತು ಹೇಳಿ ಮುಗಿಸ್ತೀನಿ.

ಒಂದು, ಹನನ್ಯ ಆಗಬೇಡಿ. ಪ್ರಾರ್ಥನೆಯ ಜೋಶ್‌ನಲ್ಲಿ ಈ ಕ್ರಿಸ್ಮಸ್‌ಗೆ ನೀನು ಊರಲ್ಲಿ ಇರ್ತೀಯ ಅಂತ ದೇವರ ಹೆಸರಲ್ಲಿ ಡೇಟ್ ಕೊಡಬೇಡಿ. ದೇವರು ಕೊಡದ ಡೇಟನ್ನು ನಾವು ಕೊಟ್ಟರೆ, ಅದು ತಪ್ಪಿದ ದಿನ ಆ ಮಗು ನಂಬಿಕೆಯನ್ನೇ ಬಿಡಬಹುದು. ಯೆರೆಮೀಯನ ಹಾಗೆ ಆಸೆಗೆ ಆಮೆನ್ ಹೇಳಿ, ಆದರೆ ಸುಳ್ಳು ಹೇಳಬೇಡಿ.

ಎರಡು, ಊರು ಮರೆತುಬಿಡು, ಬೆಂಗಳೂರೇ ನಿನ್ನ ಊರು ಅಂತ ಸುಲಭವಾಗಿ ಹೇಳಬೇಡಿ. ಒಳ್ಳೇ ಮನಸ್ಸಿಂದಲೇ ಹೇಳ್ತೀವಿ, ಆದರೆ ಅದು ಅವರ ಮಡಕೆ ಒಡೆದ ಹಾಗೆ. ಅವರ ಭಾಷೆಯಲ್ಲಿ ಒಂದು ಹಾಡು ಹಾಡಿಸಿ. ಅವರ ಹಳ್ಳಿಯ ಹೆಸರು ಕೇಳಿ, ಸರಿಯಾಗಿ ಉಚ್ಚರಿಸೋಕೆ ಕಲೀರಿ, ಆ ಹೆಸರು ಹೇಳಿ ಪ್ರಾರ್ಥನೆ ಮಾಡಿ.

ಮೂರು, ಊರು ಕಳ್ಕೊಂಡ ತಮ್ಮ ತಂಗಿಯರಿಗೆ. ತೋಟ ಹಾಕಿ. ಕೋರ್ಸ್ ಮುಗಿಸಿ, ಕನ್ನಡ ಕಲೀರಿ, ಮದುವೆ ಆಗಿ, ಈ ಊರಿನ ಕ್ಷೇಮಕ್ಕೆ ಪ್ರಾರ್ಥನೆ ಮಾಡಿ. ಇಲ್ಲಿ ಬೇರು ಬಿಟ್ಟರೆ ಅಲ್ಲಿನವರಿಗೆ ದ್ರೋಹ ಮಾಡಿದ ಹಾಗೆ ಅಂತ ಅಂದ್ಕೋಬೇಡಿ. ನಿರೀಕ್ಷೆ ಅಂದರೆ ಬಾಗಿಲ ಹತ್ತಿರ ಸೂಟ್‌ಕೇಸ್ ಕಟ್ಟಿಟ್ಕೊಂಡು ಬದುಕನ್ನೇ ನಿಲ್ಲಿಸಿ ಕೂತಿರೋದಲ್ಲ. ಹಾಗೇ ನಿಮ್ಮ ಪತ್ರವನ್ನೂ ಜೋಪಾನ ಮಾಡಿ. ಬಹುಶಃ ನೀವು ಹೋಗ್ತೀರಿ, ಬಹುಶಃ ನಿಮ್ಮ ಮಕ್ಕಳು ಹೋಗ್ತಾರೆ. ಯೆರೆಮೀಯ ಹೋಗಲಿಲ್ಲ, 128 ಜನ ಹೋದರು. ಅವನ ನಿರೀಕ್ಷೆ ಅವನ ಆಯುಸ್ಸಿಗಿಂತ ದೊಡ್ಡದಾಗಿತ್ತು.

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ನಿಮ್ಮ ಮನಸ್ಸಲ್ಲಿ ಒಂದು ಊರಿನ ಹೆಸರು ಇದ್ದರೆ, ಮೆಲ್ಲಗೆ ಬಾಯಿ ಬಿಟ್ಟು ಹೇಳಿ. ಕರ್ತನಿಗೆ ಆ ದಾರಿ ಗೊತ್ತು.

ಪರಲೋಕದ ತಂದೆಯೇ, ಬೈಲಕುಪ್ಪೆಯಲ್ಲಿ, ಮುಂಡಗೋಡಿನಲ್ಲಿ ಕಾಯುತ್ತಿರುವ ವೃದ್ಧರನ್ನು ನೆನಪು ಮಾಡ್ಕೋ. ಮಣಿಪುರದ ಬೆಟ್ಟಕ್ಕೂ ಕಣಿವೆಗೂ ಸಮಾಧಾನ ಕೊಡು. ಶಿಬಿರಗಳಲ್ಲಿ ಹುಟ್ಟಿದ ಮಕ್ಕಳನ್ನು ಕಾಪಾಡು. ನಮ್ಮ ಬೆಂಗಳೂರಿಗೆ ಕ್ಷೇಮ ಕೊಡು, ಇಲ್ಲಿಗೆ ಓಡಿ ಬಂದವರು ಹೆದರದೆ ಬಾಳುವ ಹಾಗೆ ನಮ್ಮನ್ನು ಎಬೆದ್ಮೆಲೆಕರನ್ನಾಗಿ ಮಾಡು. ಸುಳ್ಳು ಮಾತಾಡದ ಬಾಯಿ ಕೊಡು, ಕಾಯುವ ಬಲ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.